ಎಡಕ್ಕೆಳೆಯುವ ಗಾಡಿ ಮತ್ತು ತವರಿನ ಆಯೇರ

ನಮ್ಮ ಪಿಕಪ್ ಗಾಡಿ ಎತ್ತರವಾದ ಮೇಲೆ ಮಾವನವರಿಗೆ ಹತ್ತಲು ಒಂದು ಮಣೆ ಬೇಕಾಯಿತು. ಊಟಕ್ಕೆ ಕೂರುವ ಮಣೆಗಳಲ್ಲಿ ಒಂದರ ಮೂಲೆ ಸೀಳಿತ್ತು, ಅದನ್ನೇ ಕೊಟ್ಟೆ. ಬೆಳಿಗ್ಗೆ ನಾನು ಮಣೆ ಇಡುತ್ತಿದ್ದೆ, ಅವರು ಧೋತರ ಎತ್ತಿ ಹಿಡಿದು ಅದರ ಮೇಲೆ ಕಾಲಿಟ್ಟು ಏರುತ್ತಿದ್ದರು, ನಾನು ಮಣೆ ತೆಗೆದು ಸೀಟಿನ ಕೆಳಗೆ ತುರುಕುತ್ತಿದ್ದೆ. ಪೇಟೆಯಲ್ಲಿ ಇಳಿದು ಮತ್ತೆ ಹತ್ತಬೇಕಲ್ಲ. ಗಾಡಿ ಎಷ್ಟು ಎತ್ತರವಾಗಿತ್ತೋ ಮಣೆಯೂ ಸರಿಸುಮಾರು ಅಷ್ಟೇ ಎತ್ತರವಿತ್ತು. ಅಂದರೆ ಮಾವನವರ ಪಾಲಿಗೆ ಗಾಡಿ ಮೊದಲಿನಷ್ಟೇ ಇತ್ತು.

ನಮ್ಮ ಮನೆ ಗಡಹಿಂಗ್ಲಜ ತಾಲೂಕಿನಲ್ಲಿ, ಮಹಾಗಾಂವದ ಹತ್ತಿರ. ಕಬ್ಬು ಬೆಳೆಯುತ್ತೇವೆ, ನಮ್ಮದೇ ಗಾಣದಲ್ಲಿ ಬೆಲ್ಲ ಮಾಡಿ ಕೊಲ್ಹಾಪುರದ ಪೇಟೆಗೆ ಒಯ್ಯುತ್ತೇವೆ. ಒಯ್ಯುವ ಕೆಲಸ ಮಾವನವರದು. ನಾನು ಸೊಸೆಯಾಗಿ ಬರುವ ಮೊದಲಿನಿಂದಲೂ ಅದು ಅವರದೇ. ನಡುವೆ ಗಾಡಿಗಳು ಬದಲಾಗಿವೆ, ಹೊಡೆಯುವವರು ಬದಲಾಗಿಲ್ಲ.

ಪಿಕಪ್ಪನ್ನು ಎತ್ತಬೇಕಾದದ್ದು ಹೊಲದ ದಾರಿಯಿಂದಾಗಿ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಓಡಾಡಿ ದಾರಿಯ ಎರಡು ಬದಿಗೂ ಆಳವಾದ ಗಾಲಿಜಾಡು ಬಿದ್ದು, ನಡುವೆ ಮಣ್ಣಿನ ದಿಂಡು ನಿಂತಿತ್ತು. ನಮ್ಮ ಗಾಡಿಯ ಹೊಟ್ಟೆ ಅದಕ್ಕೆ ತಿಕ್ಕುತ್ತಿತ್ತು. ದಿಂಡನ್ನು ಕಡಿದು ಹಾಕಬಹುದಿತ್ತು. ಆದರೆ ಆ ದಾರಿ ನಾಲ್ಕು ಮನೆಯವರದು, ನಾಲ್ಕೂ ಮನೆಯವರು ಒಂದೇ ದಿನ ಸಲಿಕೆ ಹಿಡಿಯುವುದು ಆಗದ ಮಾತು. ಗಾಡಿಯನ್ನು ಎತ್ತುವುದೇ ಸುಲಭವೆಂದು ನಮ್ಮ ಯಜಮಾನರು ತೀರ್ಮಾನಿಸಿದರು.

ಎತ್ತುವುದು ದೊಡ್ಡ ವಿದ್ಯೆಯೇನಲ್ಲ. ಮುಂದಿನ ಸ್ಪ್ರಿಂಗುಗಳ ಮೇಲೆ ಒಂದೊಂದು ದಪ್ಪ ಬಳೆ ಕೂರಿಸುತ್ತಾರೆ. ಹಿಂದಿನ ಎರಡು ಗಾಲಿಗಳನ್ನು ಜೋಡಿಸುವ ಅಡ್ಡ ಎಕ್ಸಲ್ಲಿಗೂ ಅದರ ಮೇಲಿನ ಪಟ್ಟಿ ಸ್ಪ್ರಿಂಗಿಗೂ ನಡುವೆ ಒಂದೊಂದು ಬ್ಲಾಕು ಇಟ್ಟು, ಅದರ ನಡುವಿನ ತೂತಿಗೆ ಬೋಲ್ಟಿನ ತಲೆ ಕೂರಿಸಿ ಬಿಗಿಯುತ್ತಾರೆ. ಎಲ್ಲವೂ ಕೊಲ್ಹಾಪುರದ ಅಂಗಡಿಗಳಲ್ಲಿ ಸಿಗುತ್ತದೆ. ತಪ್ಪಾದದ್ದೆಂದರೆ, ಈ ಮಾತು ನಡೆಯುವಾಗ ನನ್ನ ತಮ್ಮ ಮನೆಯಲ್ಲಿದ್ದ. ದೀಪಾವಳಿಗೆ ನನ್ನನ್ನು ತವರಿಗೆ ಕರೆಯಲು ಬಂದಿದ್ದ. ಅವನು ಕೊಲ್ಹಾಪುರದ ಮಗ್ಗುಲಿನ ಶಿರೋಳಿಯಲ್ಲಿ, ಬೀಡುಕಬ್ಬಿಣ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಸೂಪರ್‌ವೈಜರು.

"ಅಂಗಡಿ ಮಾಲ ಯಾಕ್ರಿ ಭಾವಾರ?" ಅಂದ. "ನಾ ದಿನಾ ಬೆಳಗಾದ್ರ ಬೀಡು ಕರಗಸಾಂವ. ಅಕ್ಕನ ಗಾಡಿಗೆ ಹೊರಗಿನ ಬ್ಲಾಕ್ ಹಾಕ್ಸಿದ್ರ ಶಿರೋಳಿಯಾಗ ನಾ ಮಾರಿ ಹೆಂಗ ತೋರಸ್ಲಿ?"

"ಶಿರೋಳಿಯಾಗ ನಿನ್ನ ಮಾರಿ ಯಾರ ನೋಡ್ತಾರೋ, ಎಲ್ಲಾರೂ ಹೊಗಿಯಾಗ ಇರ್ತೀರಿ," ಅಂದರು ನಮ್ಮ ಯಜಮಾನರು. ಆದರೆ ಒಪ್ಪಿದರು.

ಹಬ್ಬ ಮುಗಿದ ಮೇಲೆ ತಮ್ಮ ಎರಡು ಬೀಡಿನ ಬ್ಲಾಕುಗಳನ್ನು ಹೊಸ ಟಾವೆಲಿನಲ್ಲಿ ಸುತ್ತಿಕೊಂಡು, ಮೇಲೊಂದು ತೆಂಗಿನಕಾಯಿ, ನನಗೊಂದು ಕುಬಸದ ಖಣ ಇಟ್ಟುಕೊಂಡು ಬಂದ. ಹೀಗೆ ತಂದ ಮೇಲೆ ಅವು ಗಾಡಿಯ ಸಾಮಾನಲ್ಲ, ತವರಿನ ಆಯೇರ, ಉಡುಗೊರೆ. ನಾನು ತಂಬಿಗೆ ನೀರು ಇಳಿಸಿ, ಬ್ಲಾಕುಗಳಿಗೆ ಕುಂಕುಮ ಹಚ್ಚಿ, ಆರತಿ ಬೆಳಗಿ ಒಳಗೆ ತೆಗೆದುಕೊಂಡೆ. ಭಾರವಿದ್ದವು. ಆಯೇರದ ಸೀರೆಯ ಬಣ್ಣ ಹಿಡಿಸದಿದ್ದರೂ, ಪಾತ್ರೆ ಸೋರಿದರೂ ಅದರಲ್ಲಿ ಹುಳುಕು ತೆಗೆಯುವ ರೂಢಿ ನಮ್ಮ ಕಡೆ ಇಲ್ಲ. ನನ್ನ ಮದುವೆಯಲ್ಲಿ ಬಂದ ಹಿತ್ತಾಳೆ ಹಂಡೆ ಮೊದಲ ದಿನದಿಂದಲೇ ಜಿನುಗುತ್ತದೆ. ಅದು ಜೋಳ ತುಂಬಲಿಕ್ಕೇ ಬಂದದ್ದು ಎನ್ನುವಂತೆ ಇವತ್ತಿಗೂ ಅದರಲ್ಲಿ ಜೋಳ ತುಂಬುತ್ತೇವೆ.

ಗಡಹಿಂಗ್ಲಜದ ಗ್ಯಾರೇಜಿನಲ್ಲಿ ಬ್ಲಾಕು ಹಾಕಿಸಿದೆವು. ಹೊಟ್ಟೆ ತಿಕ್ಕುವುದು ನಿಂತಿತು. ಗಾಡಿ ಎಡಕ್ಕೆ ಎಳೆಯಲು ಶುರುವಾಯಿತು.

ಎಳೆಯುವುದೆಂದರೆ ಹಗ್ಗ ಹಿಡಿದ ಎಮ್ಮೆ ಬದುವಿನ ಹುಲ್ಲಿಗೆ ಎಳೆದ ಹಾಗೆ. ಬಿಟ್ಟರೆ ಸೀದಾ ಎಡಗಡೆಯ ಗಟಾರಕ್ಕೆ. ನೆಟ್ಟಗೆ ಹೋಗಬೇಕಾದರೆ ಸ್ಟೇರಿಂಗನ್ನು ಸದಾ ಬಲಕ್ಕೆ ತಿರುಗಿಸಿ ಹಿಡಿದಿರಬೇಕು. ಗಡಹಿಂಗ್ಲಜದಲ್ಲಿ ಟೈರಿನವನು ಬದಿಗೆ ದಾರ ಕಟ್ಟಿ ನೋಡಿ ಮುಂದಿನ ಗಾಲಿ ತಿರುಗಿಸಿ ಕೊಟ್ಟ. ಮನೆಗೆ ಬರುವವರೆಗೂ ಎಳೆಯಿತು. ಇಚಲಕರಂಜಿಯಲ್ಲಿ ನಾದಿನಿಯ ಮನೆ ಇದೆ, ಅವರಿಗೆ ಮಗ್ಗಗಳಿವೆ. ಅವರ ಮನೆಗೆ ಬೆಲ್ಲ ಕೊಟ್ಟು ಬರುವ ನೆಪದಲ್ಲಿ ಅಲ್ಲಿಯೂ ಅಲೈನ್‌ಮೆಂಟ್ ಮಾಡಿಸಿದೆವು. ಅಲ್ಲಿಯವನು ಮುಂದಿನ ಗಾಲಿಗಳನ್ನು ಒರೆಸಿ, ಅಳತೆ ಹಿಡಿದು, ಎದ್ದು ನಿಂತು "ಗಾಡೀತ ಕಾಹೀ ನಾಹೀ" ಅಂದ. ಗಾಡಿಯಲ್ಲಿ ಏನೂ ಇಲ್ಲವೆಂದ ಮೇಲೆ ಅವನ ಕಣ್ಣು ಮಾವನವರ ಮೇಲೆ ಹೋಯಿತು. ಕಾಲಿನಿಂದ ಹಿಡಿದು ಟೋಪಿಯವರೆಗೆ ನೋಡಿದ.

ನಮ್ಮ ಯಜಮಾನರೂ ಆ ಕಡೆಯೇ ನೋಡಿದರು.

ಅವರೂ ಆಗಾಗ ಗಾಡಿ ಹೊಡೆದು ನೋಡಿದ್ದರು. ಎಳೆಯುವುದು ಅವರ ಕೈಗೂ ಗೊತ್ತಾಗಿತ್ತು. ಆದರೆ ಅವರ ಲೆಕ್ಕವೇ ಬೇರೆ. "ಎಲ್ಲಾ ಗಾಡಿನೂ ಒಂದಿಷ್ಟು ಎಳೀತಾವ. ರಸ್ತಾನ ಎಡಕ್ಕ ಇಳಕಲ ಇರ್ತಾವ. ಗಟ್ಟಿ ಹಿಡದ್ರ ಆತು. ಅಪ್ಪಾಗ ಹಿಡಿಯಾಕ ಆಗವಲ್ದು," ಅಂದರು ನನ್ನ ಮುಂದೆ.

"ಬ್ಲಾಕ್ ಹಾಕ್ಸೂ ಮುಂಚೆ ಆಗತಿತ್ತಲ್ರಿ?" ಅಂದೆ.

"ಮುಂಚೆ ಅಂವಗ ಮುಂಚಿನ ವಯಸ್ಸಿತ್ತು."

ಬ್ಲಾಕಿನ ಮಾತು ಅಲ್ಲಿಗೇ ನಿಂತಿತು. ಅದು ನನ್ನ ತವರಿನದು. ಅದರ ಮಾತು ಅವರು ತೆಗೆಯುವಂತಿರಲಿಲ್ಲ, ನಾನು ತೆಗೆದರೆ ಅವರು ಕೇಳಿಸಿಕೊಳ್ಳುವಂತಿರಲಿಲ್ಲ.

ಮಾವನವರು ಸೂರ್ಯ ಮುಳುಗಿದ ಮೇಲೆ ಊಟ ಮಾಡುವವರಲ್ಲ. ನಮ್ಮ ಜೈನರ ಮನೆಗಳಲ್ಲಿ ಹಿರಿಯರು ಬಹಳಷ್ಟು ಜನ ಹಾಗೆಯೇ. ಮೊದಲೆಲ್ಲ ಬೆಲ್ಲದ ಪೆಂಟೆ ಇಳಿಸಿ, ಪೇಟೆಯ ಮಾತು ಮುಗಿಸಿ, ಬಿಸಿಲಿರುವಾಗಲೇ ಮನೆ ಮುಟ್ಟುತ್ತಿದ್ದರು. ಎಳೆಯುವ ಗಾಡಿಯನ್ನು ಹಿಡಿದು ಹಿಡಿದು ನಿಧಾನ ಹೊಡೆಯಲು ಶುರು ಮಾಡಿದ ಮೇಲೆ ಸೂರ್ಯ ಅವರಿಗಿಂತ ಮೊದಲು ಮನೆಗೆ ಹೋಗತೊಡಗಿದ. ಕೈಕಾಲು ತೊಳೆದು ಬಂದು ಕೂರುತ್ತಿದ್ದರು. ನಾನು ಪಲ್ಯದ ಬೋಗುಣಿಗೆ ಮುಚ್ಚಳ ಹಾಕುತ್ತಿದ್ದೆ. ಅವರ ಊಟ ಇನ್ನು ಮರುದಿನ ಬೆಳಿಗ್ಗೆಯೇ.

ಒಂದು ಸಂತೆಗೆ ನಾನೂ ಜೊತೆ ಹೋದೆ. ದಾರಿಯಲ್ಲಿ ತಿನ್ನಲೆಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದೆ. ಬೆಲ್ಲ ಇಳಿಸಿದ ಮೇಲೆ ಮಾವನವರೇ, "ಇಲ್ಲೆ ಒಂದ ಕಂಪ್ಯೂಟರಿಂದು ಐತೆಂತ, ತೋರ್ಸೂಣು," ಅಂದು ಹೆದ್ದಾರಿಯ ಪಕ್ಕದ ಒಂದು ಅಂಗಡಿಗೆ ಗಾಡಿ ತಿರುಗಿಸಿದರು. ಅಲ್ಲಿಯವನು ಮುಂದಿನ ಎರಡಕ್ಕಷ್ಟೇ ಅಲ್ಲ, ನಾಲ್ಕೂ ಗಾಲಿಗೆ ತಟ್ಟೆಯಂಥದ್ದನ್ನು ಸಿಗಿಸಿದ. ಪರದೆಯ ಮೇಲೆ ಮುಂದಿನ ಗಾಲಿಗಳು ಹಸಿರು, ಹಿಂದಿನವು ಕೆಂಪು ಬಂದವು. ಅವನು ಗಾಡಿಯ ಕೆಳಗೆ ಬಗ್ಗಿ, ಟಾರ್ಚು ಹಾಕಿ, ಒಂದು ಪಟ್ಟಿ ಹಿಡಿದು ಅಳೆದು ಹೊರಗೆ ಬಂದ.

"ಕಾಕಾ, ಮುಂದ ಏನೂ ಇಲ್ರಿ. ಹಿಂದಿನ ಎಕ್ಸಲ್ ಓರೆ ಕುಂತೈತಿ. ಎಡಗಡೆ ಬ್ಲಾಕಿನ ತೂತು ನಡಕ ಇಲ್ಲ, ಒಂದ ಚೂರ ಸರದೈತಿ. ಅದಕ್ಕ ಆ ಗಾಲಿ ಮುಂದ ಹೋಗೇತಿ. ನೀವ ಮುಂದಿಂದು ಎಷ್ಟ ಮಾಡ್ಸಿದ್ರೂ ಅಷ್ಟ. ಈ ಬ್ಲಾಕ್ ಎಲ್ಲಿಂದ ತಂದ್ರಿ?"

ಮಾವನವರ ಕಣ್ಣು ಪರದೆಯ ಕೆಂಪು ಗಾಲಿಗಳ ಮೇಲಿತ್ತು. "ಬೀಗರು ಕೊಟ್ಟಾರ," ಅಂದರು.

ಅವನು ನನ್ನನ್ನು ನೋಡಿದ. ನನ್ನ ತಲೆಯ ಮೇಲಿನ ಸೆರಗು ನೋಡಿ ಅರ್ಥ ಮಾಡಿಕೊಂಡ.

"ಹಂಗಾದ್ರ ನಾ ಏನೂ ಅಂದಿಲ್ಲ ಬಿಡ್ರಿ," ಎಂದು ಟಾರ್ಚು ಆರಿಸಿದ. ತಟ್ಟೆಗಳನ್ನು ಕಳಚುತ್ತಾ, "ಬ್ಲಾಕ್ ಭಾಳ ಗಟ್ಟಿ ಅದಾವ್ರಿ," ಎಂದೂ ಸೇರಿಸಿದ.

ಗಾಡಿ ಹತ್ತಿದ ಮೇಲೆ ನಾನೆಂದೆ: "ಮಾವಾರ, ಶಿರೋಳಿ ಇಲ್ಲೇ ಐತಿ. ತಮ್ಮಗ ಹೇಳಿ ಹೋಗೂಣ್ರಿ."

"ಬ್ಯಾಡ."

"ಮನ್ಯಾಗರೆ ಹೇಳ್ತೇನಿ."

"ಯಾರ ಮುಂದೂ ಅನಬ್ಯಾಡ ಯವ್ವಾ. ಆ ಹುಡುಗ ಟಾವೆಲದಾಗ ಸುತಗೊಂಡ ಬಂದಾನ. ನಿನ್ನ ಮಾಲ ಖೊಟ್ಟಿ ಐತಿ ಅಂತ ಹೆಂಗ ಅನ್ನೂದು?"

"ಮತ್ತ ನಿಮ್ಮ ಕೈ ಖೊಟ್ಟಿ ಅದಾವ ಅನ್ನಾಕತ್ತಾರಲ್ರಿ ಇವ್ರು?"

"ಅನ್ನಲಿ. ಕೈ ನಂದು. ಆಯೇರ ಬೀಗರದು."

ಸಂಕೇಶ್ವರದ ಹತ್ತಿರ ಸೂರ್ಯ ಇಳಿಯುವುದು ಕಾಣುತ್ತಿತ್ತು. ನಿಲ್ಲಿಸಿ ಎರಡು ತುತ್ತು ತಿನ್ನಿ ಅಂದೆ. ಇಲ್ಲೇ ಬಂತಲ್ಲ ಮನೆ, ಅಂದರು. ಗಡಹಿಂಗ್ಲಜ ದಾಟುವಾಗ ದೀಪ ಹತ್ತಿದ್ದವು. ರೊಟ್ಟಿಯ ಗಂಟು ನನ್ನ ತೊಡೆಯ ಮೇಲೆ ಹಾಗೆಯೇ ಮನೆಗೆ ಬಂತು.

ಆಮೇಲಿನ ಸಂತೆಗೆ ಹೋಗುವಾಗ ಊರ ಹೊರಗಿನ ಜಾಲಿಮರವೊಂದು ಗಾಡಿಯ ಎಡಗಡೆಯ ಕನ್ನಡಿಯನ್ನು ಕಿತ್ತುಕೊಂಡಿತು. ಯಾರಿಗೂ ಏನೂ ಆಗಲಿಲ್ಲ. ಮಾವನವರು ಕನ್ನಡಿಯನ್ನು ಎತ್ತಿಕೊಂಡು ತಂದು ಕಟ್ಟೆಯ ಮೇಲಿಟ್ಟರು. ಅದರಲ್ಲಿ ಮಾಡಿನ ಹಂಚು ಕಾಣುತ್ತಿತ್ತು. ಯಜಮಾನರು ಬಂದು ಕೈ ಚಾಚಿದರು.

"ಅಪ್ಪಾ, ಇನ್ನ ಮ್ಯಾಲೆ ಕಿಲ್ಲಿ ನನ್ನ ಕಡೆ ಇರ್ಲಿ. ಪ್ಯಾಟಿಗೆ ನಾ ಹೋಗ್ತೇನಿ."

"ತಗೋ," ಅಂದರು ಮಾವನವರು, ಉಪ್ಪಿನ ಡಬ್ಬಿ ಕೊಟ್ಟಂತೆ ಗಾಡಿಯ ಕೀಲಿಕೈ ಕೊಟ್ಟರು. "ಬಲಕ್ಕ ಒತ್ತಿ ಹಿಡಿ."

ಅಂದಿನಿಂದ ಅವರು ದಿನವೂ ಹೊತ್ತಿಗೆ ಸರಿಯಾಗಿ ಮನೆಯಲ್ಲಿರುತ್ತಿದ್ದರು. ಬಿಸಿಲಿರುವಾಗಲೇ ತಟ್ಟೆ ಬರುತ್ತಿತ್ತು, ಅರ್ಧ ರೊಟ್ಟಿ ತಟ್ಟೆಯಲ್ಲೇ ಉಳಿಯುತ್ತಿತ್ತು. ಸಂತೆಯ ದಿನ ಬೆಳಿಗ್ಗೆ ಎದ್ದು ಗಾಡಿಗೆ ನೀರು ನೋಡುತ್ತಿದ್ದರು, ಟೈರು ಗುದ್ದಿ ನೋಡುತ್ತಿದ್ದರು, ಹಳೆಯ ಪೇಪರಿನಿಂದ ಗಾಜು ಒರೆಸುತ್ತಿದ್ದರು. ಇಸ್ತ್ರಿ ಮಾಡಿದ ಟೋಪಿ ಹಾಕಿಕೊಂಡಿರುತ್ತಿದ್ದರು. ಆಮೇಲೆ ಕಟ್ಟೆಯ ಮೇಲೆ ಕೂತು, ಗಾಡಿ ಹೋಗುವುದನ್ನು ನೋಡಿ, ಟೋಪಿ ತೆಗೆದು ಗೂಟಕ್ಕೆ ಹಾಕುತ್ತಿದ್ದರು. ಟೋಪಿ ತೆಗೆಯುವುದನ್ನು ನಾನು ನೋಡದಿರಲೆಂದು ಬೇಗ ತೆಗೆಯುತ್ತಿದ್ದರು. ಆದರೆ ನನ್ನ ಒಲೆ ಇರುವುದು ಆ ಗೂಟದ ಎದುರಿಗೇ.

ಯಜಮಾನರು ಸಂತೆಯಿಂದ ಬಂದು ಭುಜಕ್ಕೆ ಬಾಮು ತಿಕ್ಕಲು ಹೇಳುತ್ತಿದ್ದರು. ಗಾಡಿಯಿಂದಲ್ಲ, ಮಲಗಿದ್ದು ಸರಿಯಾಗಲಿಲ್ಲ ಎನ್ನುತ್ತಿದ್ದರು. ನಾನು ತಿಕ್ಕುತ್ತಿದ್ದೆ.

ಯೋಚಿಸಿದೆ. ಮಾವನವರು ಹೇಳಬೇಡ ಎಂದಿದ್ದರು. ತೋರಿಸಬೇಡ ಎಂದಿರಲಿಲ್ಲ. ತಮ್ಮನಿಗೆ ಫೋನು ಮಾಡಿ, ಹೊಸ ಬೆಲ್ಲ ಆಗಿದೆ, ಹೋಳಿಗೆ ಮಾಡುತ್ತೇನೆ, ರಜೆಯ ದಿನ ಬಾ, ಅಂದೆ. ಮೋಟರ್ ಸೈಕಲ್ ಮೇಲೆ ಬಂದ. ನಾಲ್ಕು ಹೋಳಿಗೆ ತಿಂದು, ಐದನೆಯದನ್ನು ಬೇಡ ಬೇಡ ಎನ್ನುತ್ತಲೇ ತಿಂದ. ಊಟದ ಮೇಲೆ, ಗಾಣ ನಡೆದಿದೆ, ಹೊಲಕ್ಕೆ ಹೋಗಿ ಬರೋಣ, ಅಂದೆ. ಯಜಮಾನರೂ ಮಾವನವರೂ ಪಿಕಪ್ಪು ಹತ್ತಿದರು.

"ನಾ ತಮ್ಮನ ಗಾಡಿ ಮ್ಯಾಲೆ ಬರ್ತೇನ್ರಿ," ಅಂದೆ.

"ಯಾಕ, ಒಳಗ ಜಾಗಾ ಐತಲಾ?" ಅಂದರು ಯಜಮಾನರು.

"ತವರ ಮನಿ ಸುದ್ದಿ ಕೇಳೂದೈತಿ."

ಅದಕ್ಕೆ ಯಾರೂ ಎದುರಾಡುವಂತಿಲ್ಲ.

ನಾನು ಪಿಕಪ್ಪನ್ನು ಹತ್ತಿದ್ದೆನೇ ಹೊರತು, ಓಡುವಾಗ ಅದರ ಹಿಂದೆ ಹೋಗಿರಲಿಲ್ಲ. ಮುಂದೆ ಯಜಮಾನರು ಪಿಕಪ್ಪು ಹೊಡೆಯುತ್ತಿದ್ದರು. ಗಾಡಿ ರಸ್ತೆಯ ಮೇಲೆ ನೆಟ್ಟಗೇ ಹೋಗುತ್ತಿತ್ತು, ಆದರೆ ಅದರ ಮೂಗು ಗಟಾರದ ಕಡೆ, ಬಾಲ ರಸ್ತೆಯ ನಡುವಿಗೆ. ಒಲ್ಲದ ಮದುಮಗಳನ್ನು ಪಕ್ಕಕ್ಕೆ ಮುಖ ಮಾಡಿಸಿಕೊಂಡೇ ಮಂಟಪಕ್ಕೆ ಕರೆದೊಯ್ದ ಹಾಗೆ.

"ಅಕ್ಕಾ," ಅಂದ ತಮ್ಮ ಹೊರಳಿ, "ಭಾವಾರು ಯಾಕ ಹಿಂಗ ಅಡ್ಡಾದಿಡ್ಡಿ ಹೊಡ್ಯಾಕತ್ತಾರ? ಹೋಳಗಿ ಭಾಳ ಆದ್ವೇನ?"

"ಹೋದ ತಿಂಗಳ ಮಾವಾರು ಹೊಡೀತಿದ್ರು. ಆಗೂ ಹಿಂಗ ಹೊಂಟಿತ್ತಂತ, ಮಂದಿ ಅಂತಿದ್ರು."

"ಇಬ್ರೂ ಹಿಂಗ ಹೊಡೀತಾರ?"

"ಮಾವಾರ ಕೈ ಕೆಟ್ಟಾವ ಅಂತ ಕಿಲ್ಲಿ ಇವ್ರು ತಗೊಂಡಾರ. ಈಗ ಇವ್ರ ಕೈನೂ ಕೆಟ್ಟಾವೋ ಏನೋ. ಮನಿ ನೀರಿನ ದೋಷ ಇದ್ದೀತು."

ತಮ್ಮ ಮೋಟರ್ ಸೈಕಲನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೆಗೆದುಕೊಂಡು ನೋಡಿದ. ಹೊಲದ ದಾರಿಗೆ ತಿರುಗುವಲ್ಲಿ ಕಬ್ಬಿಗೆ ಬಿಟ್ಟ ನೀರು ಹರಿದು ನೆಲ ಹಸಿಯಾಗಿತ್ತು. ಅಲ್ಲಿ ನಿಲ್ಲಿಸಿ ಇಳಿದ. ಪಿಕಪ್ಪು ದಾಟಿ ಹೋದ ಗುರುತು ಹಾಗೇ ಇತ್ತು. ನೆಟ್ಟಗಿರುವ ಗಾಡಿಯಾದರೆ ಹಿಂದಿನ ಗಾಲಿ ಮುಂದಿನ ಗಾಲಿಯ ಗುರುತನ್ನೇ ತುಳಿದು ಎರಡು ಗೆರೆ ಮೂಡಬೇಕು. ಅಲ್ಲಿ ನಾಲ್ಕಿದ್ದವು. ತಮ್ಮ ಕುಕ್ಕರಗಾಲಲ್ಲಿ ಕೂತು ನಾಲ್ಕು ಗೆರೆಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದ. ಮೊದಲೇ ಕಪ್ಪಗಿನ ಮುಖ, ಇನ್ನೂ ಒಂದಿಷ್ಟು ಕಪ್ಪಾಯಿತು.

"ತೂತ ಹೊಡಸೂ ಮುಂದ ನಾ ನಿಂತ ನೋಡೇನಿ," ಅಂದ, ನೆಲಕ್ಕೆ.

"ನಾ ಏನೂ ಅಂದಿಲ್ಲಪಾ."

"ಒಂದ ಬ್ಲಾಕ್ ನೋಡೇನಿ. ಎರಡನೇದ್ದಕ್ಕ ಚಾ ಬಂತು."

ನಾನು ಸೆರಗು ಸರಿ ಮಾಡಿಕೊಂಡೆ. ಗಾಣದ ಕಡೆಯಿಂದ ಯಜಮಾನರು ಕೂಗುತ್ತಿದ್ದರು, ಗಾಡಿ ಕೆಟ್ಟಿತೇನು ಎಂದು. ಕೆಟ್ಟಿಲ್ಲ, ಬರುತ್ತೇವೆ, ಎಂದು ಕೂಗಿ ಹೇಳಿದೆ.

ಬಿಸಿ ಬೆಲ್ಲದ ಪಾಕ ತಿಂದು, ಕಬ್ಬಿನ ಹಾಲು ಕುಡಿದು, ತಮ್ಮ ಪಿಕಪ್ಪಿನ ಸುತ್ತ ಒಂದು ಸುತ್ತು ಹಾಕಿದ. ಬಗ್ಗಿ ಹಿಂದಿನ ಗಾಲಿಯ ಹತ್ತಿರ ನೋಡಿದ. ಮಾವನವರು ಅವನು ಬಗ್ಗುವುದನ್ನು ನೋಡುತ್ತಿದ್ದರು. ನನ್ನ ಕಡೆಯೂ ಒಮ್ಮೆ ನೋಡಿದರು. ನಾನು ಕಬ್ಬಿನ ಸಿಪ್ಪೆ ಆರಿಸುತ್ತಿದ್ದೆ.

"ಭಾವಾರ," ಅಂದ ತಮ್ಮ, "ಬ್ಲಾಕಿನ ಬಣ್ಣಾ ಹಾರೇತಿ ನೋಡ್ರಿ. ನಮ್ಮ ಮಾಲ ಹಿಂಗ ಕಾಣಬಾರ್ದ್ರಿ. ಎರಡೂ ಬಿಚಿಗೊಂಡ ಹೋಗ್ತೇನಿ, ಬಣ್ಣಾ ಹಚ್ಚಿ ತರ್ತೇನಿ."

"ಗಾಡಿ ತೆಳಗಿನ ಸಾಮಾನಕ್ಕ ಬಣ್ಣಾ ಯಾರ ನೋಡ್ತಾರೋ?"

"ಹಂಗ ಅನಬ್ಯಾಡ್ರಿ. ಬೀಗರ ಮನ್ಯಾಗ ಇರೂ ಸಾಮಾನು."

ಮಾವನವರು ಗಂಟಲು ಸರಿಮಾಡಿಕೊಂಡು, "ಹಚ್ಚಲಿ ಬಿಡೋ," ಅಂದರು. "ಬಣ್ಣಾ ಹಚ್ಚಿದ್ರ ಚಲೋನ."

ಬ್ಲಾಕುಗಳು ಶಿರೋಳಿಗೆ ಹೋದವು. ಪಿಕಪ್ಪು ಕೆಲವು ದಿನ ಹಿಂದೆ ಕುಗ್ಗಿ ಮುಂದೆ ಏರಿ, ಆಕಾಶ ನೋಡುತ್ತಾ ಅಂಗಳದಲ್ಲಿ ನಿಂತಿತು. ಬಂದ ಬ್ಲಾಕುಗಳಿಗೆ ದಟ್ಟ ಹಸಿರು ಬಣ್ಣ ಬಳಿದಿತ್ತು. ಬಣ್ಣ ಎಷ್ಟು ದಪ್ಪವಿತ್ತೆಂದರೆ ಕೆಳಗಿರುವುದು ಹಳೆಯ ಬೀಡೋ ಹೊಸದೋ ಹೇಳುವಂತಿರಲಿಲ್ಲ. ಒಂದು ಮಾತ್ರ ನನಗೆ ಗೊತ್ತಾಯಿತು. ಹಳೆಯದರ ಒಂದು ಬದಿಯಲ್ಲಿ ಉಸುಕಿನ ಗುಳಿಯೊಂದಿತ್ತು, ನಾನು ಕುಂಕುಮ ಹಚ್ಚುವಾಗ ಬೆರಳಿಗೆ ಸಿಕ್ಕಿತ್ತು. ಈಗ ಎರಡರಲ್ಲೂ ಗುಳಿ ಇರಲಿಲ್ಲ. ಮತ್ತೆ ಕುಂಕುಮ ಹಚ್ಚಿದೆ. ಹಸಿರಿನ ಮೇಲೆ ಚೆನ್ನಾಗಿ ಕಂಡಿತು.

ಗ್ಯಾರೇಜಿನ ಹುಡುಗ ಗಾಡಿ ಒಯ್ದು, ಬ್ಲಾಕು ಹಾಕಿಸಿ, ನಾಲ್ಕೂ ಗಾಲಿ ಸರಿ ಮಾಡಿಸಿ ಮನೆಗೆ ತಂದು ಬಿಟ್ಟ ಮೇಲೆ ಗಡಹಿಂಗ್ಲಜದಲ್ಲಿ ಒಂದಿಷ್ಟು ಸಂತೆ ಮಾಡೋಣವೆಂದು ಮೂವರೂ ಹೊರಟೆವು. ಯಜಮಾನರು ಸ್ಟೇರಿಂಗಿಗೆ, ನಾನು ನಡುವೆ, ಮಾವನವರು ಬಾಗಿಲ ಹತ್ತಿರ. ಊರ ಬಯಲು ದಾಟಿ ರಸ್ತೆ ಸಿಕ್ಕಿತು. ಯಜಮಾನರು ರೂಢಿಯಂತೆ ಬಲಕ್ಕೆ ಒತ್ತಿ ಹಿಡಿದರು. ಎಡಕ್ಕೆ ಎಳೆಯಲು ಈಗ ಯಾರೂ ಇರಲಿಲ್ಲ. ಗಾಡಿ ಸೀದಾ ರಸ್ತೆಯ ಬಲಬದಿಗೆ ಹೋಯಿತು. ಎದುರಿನಿಂದ ಬಂದ ಬಸ್ಸಿನವನು ಹಾರ್ನು ಒತ್ತಿ, ತಲೆ ಹೊರಗೆ ಹಾಕಿ, "ಡೋಳೆ ಕುಠೇ ಆಹೇತ?" ಎಂದು ಕಣ್ಣುಗಳನ್ನು ವಿಚಾರಿಸಿ ಹೋದ.

ಯಜಮಾನರು ಎಡಕ್ಕೆ ತಂದರು. ಮತ್ತೆ ಮೆಲ್ಲಗೆ ಬಲಕ್ಕೆ ಹೋಯಿತು. ಮತ್ತೆ ತಂದರು. ಆಮೇಲೆ ಬದಿಗೆ ನಿಲ್ಲಿಸಿ, ಇಳಿದು ಹೋಗಿ ಗಾಲಿಗಳನ್ನು ನೋಡಿ ಬಂದರು.

"ಏನಾತೋ?" ಅಂದರು ಮಾವನವರು.

"ಏನಿಲ್ಲ. ಗಾಡಿ ಸೀದಾ ಐತಿ."

"ಮತ್ತ?"

"ಕೈ ಬಲಕ್ಕ ಹೋಗಾಕತ್ತಾವ."

ಮಾವನವರು ಒಂದು ಮಾತು ಅನ್ನಬಹುದಾಗಿತ್ತು. ಕಿಟಕಿಯ ಹೊರಗೆ ಯಾರದೋ ಕಬ್ಬು ನೋಡುತ್ತಾ ಕೂತರು. ಯಜಮಾನರು ನೆಲದ ಮೇಲೆ ನಿಂತುಕೊಂಡೇ ತಮ್ಮ ಎರಡು ಕೈಗಳನ್ನು ತಿರುವಿ ನೋಡಿಕೊಂಡರು. ಬಹಳ ಹೊತ್ತು ನೋಡಿಕೊಂಡರು ಎಂದು ನನಗನ್ನಿಸಿತು. ಆಮೇಲೆ ಗಾಡಿಯನ್ನು ಸುತ್ತಿ ಬಂದು ಮಾವನವರ ಬದಿಯ ಬಾಗಿಲು ತೆಗೆದರು.

"ಅಪ್ಪಾ, ನೀನ ಹೊಡಿ."

"ನನ್ನ ಕೈನೂ ಬಲಕ್ಕ ಹೋದ್ರ?"

"ಹೋಗ್ಲಿ. ನಿನಗ ಹೊಳ್ಳಸಾಕ ಬರ್ತೈತಿ."

ಮಾವನವರು ಇಳಿದು ಹೋಗಿ ಆ ಕಡೆಯಿಂದ ಹತ್ತಿದರು. ಅವರ ಕೈಯಲ್ಲೂ ಗಾಡಿ ಮೊದಲ ಒಂದೆರಡು ತಿರುವಿನವರೆಗೆ ಬಲಕ್ಕೆ ಹೋಯಿತು. ಆಮೇಲೆ ಬೆರಳುಗಳು ಒಂದೊಂದಾಗಿ ಸಡಿಲವಾದವು. ಕಬ್ಬಿನ ಗಾಡಿಗಳು ಎದುರಾದವು, ದಾಟಿ ಹೋದವು. ಯಜಮಾನರು ಬಾಗಿಲ ಹತ್ತಿರ ಕೂತು ಭುಜ ನೀವಿಕೊಳ್ಳುತ್ತಿದ್ದರು.

ಗಡಹಿಂಗ್ಲಜದ ಪೇಟೆಯಲ್ಲಿ ಗಾಡಿ ನಿಲ್ಲಿಸಿ, ಮಾವನವರು ಕಿಲ್ಲಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತರು. ಕೊಡಬೇಕೋ ಇಟ್ಟುಕೊಳ್ಳಬೇಕೋ ಎಂದು ಅವರು ಕೇಳಲಿಲ್ಲ. ಯಜಮಾನರು ಚೀಲ ಜಾಡಿಸಿಕೊಂಡು ಇಳಿದರು. ನಾಲ್ಕು ಹೆಜ್ಜೆ ಹೋಗಿ ಹೊರಳಿ ನಿಂತು, "ಅಪ್ಪಾ, ನಾಳಿಂದು ಬೆಲ್ಲಾ ಲಗೂನ ಹೇರಸ್ತೇನಿ. ಹೊತ್ತ ಮುಳಗೂದ್ರೊಳಗ ಬರಾಕ ಬೇಕಲ್ಲ ನಿನಗ," ಅಂದರು.

ಮಾವನವರು ಕಿಲ್ಲಿಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡರು. ಬದನೆಕಾಯಿ ಎಳೆಯದು ನೋಡಿ ತರಲು ನಾನು ಯಜಮಾನರಿಗೆ ಹೇಳಿದೆ.

"ಬಣ್ಣಾ ಚಲೋ ಹಚ್ಚ್ಯಾನ ನಿನ್ನ ತಮ್ಮ," ಅಂದರು ಯಜಮಾನರು, ನನ್ನನ್ನು ನೋಡದೆ.